ಸೆರೆಯ ಕಥೆಯನ್ನು ಹೇಳುವವರು ಯಾರು? 1682ರ ಒಂದು ಪುಸ್ತಕ ಮತ್ತು ಇಂದಿನ ಸಿನಿಮಾ

ಮಗಳನ್ನು ಯಾರೋ ಹೊತ್ತೊಯ್ಯುತ್ತಾರೆ, ಅಪ್ಪ ಬೆನ್ನಟ್ಟಿ ಹೋಗುತ್ತಾನೆ. ಇಷ್ಟೇ ಕಥೆಯ ಮೇಲೆ ನಿಂತ ಇಂಗ್ಲಿಷ್ ಸಿನಿಮಾಗಳನ್ನು ನೀವು ಸಾಕಷ್ಟು ನೋಡಿದ್ದೀರಿ. ಇವತ್ತು ಈ ಕಥೆಯ ಬೇರು ಹುಡುಕೋಣ. ಅಮೆರಿಕದಲ್ಲಿ ಇದು ಜನಪ್ರಿಯ ಪುಸ್ತಕವಾಗಿ ಅಚ್ಚಾದಾಗ ಅದನ್ನು ಹೇಳಿದವಳು ಸೆರೆಯಲ್ಲಿದ್ದ ಹೆಂಗಸೇ. ಬಿಡಿಸಲು ಹೋದ ಗಂಡಸಿಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಮುಂದಿನ ಮುನ್ನೂರು ವರ್ಷಗಳಲ್ಲಿ ಕಥೆ ಅವಳ ಕೈತಪ್ಪಿ ಅವನ ಕೈ ಸೇರಿತು. ಅದು ಎಲ್ಲಿ, ಹೇಗೆ ಆಯಿತು ಎಂಬುದನ್ನು ಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ಬೆರಳಿಟ್ಟು ತೋರಿಸಲು ಸಾಧ್ಯವಿದೆ.

ಮ್ಯಾಸಚೂಸೆಟ್ಸ್‌ನ ಲ್ಯಾಂಕಾಸ್ಟರ್ ಎಂಬ ಊರು. 1676ರ ಫೆಬ್ರವರಿ 10, ಸೂರ್ಯ ಹುಟ್ಟುವ ಹೊತ್ತು. ಪುಸ್ತಕ ತೆರೆದರೆ ನಿಮಗೆ 1675 ಎಂದು ಕಾಣುತ್ತದೆ, ಗಾಬರಿಯಾಗಬೇಡಿ. ಆಗಿನ ಇಂಗ್ಲಿಷ್ ಪಂಚಾಂಗದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹೀಗಾಗಿ ಫೆಬ್ರವರಿ ಇನ್ನೂ ಹಳೆಯ ವರ್ಷದ ಲೆಕ್ಕ. ಟಿಪ್ಪಣಿ ಬರೆಯುವ ವಿದ್ಯಾರ್ಥಿಗಳು ಇಲ್ಲಿ ಆಗಾಗ ಎಡವುತ್ತಾರೆ.

ಇಂಗ್ಲಿಷ್ ವಲಸೆಗಾರರಿಗೂ ಮೂಲನಿವಾಸಿಗಳಿಗೂ ಆಗ ಘೋರ ಯುದ್ಧ ನಡೆದಿತ್ತು. ವಾಂಪನೋಗ್ ಎಂಬ ಮೂಲನಿವಾಸಿ ಜನರ ನಾಯಕ ಮೆಟಾಕಾಮ್‌ನನ್ನು ಇಂಗ್ಲಿಷರು ಕಿಂಗ್ ಫಿಲಿಪ್ ಎಂದು ಕರೆಯುತ್ತಿದ್ದರು. ಇತಿಹಾಸದಲ್ಲಿ ಯುದ್ಧಕ್ಕೂ ಅದೇ ಹೆಸರು ಉಳಿದಿದೆ. ವಲಸೆಗಾರರು ವರ್ಷದಿಂದ ವರ್ಷಕ್ಕೆ ನೆಲ ನುಂಗುತ್ತಾ ಬಂದಿದ್ದರು. 1675ರಲ್ಲಿ ಪ್ಲಿಮತ್‌ನ ನ್ಯಾಯಾಲಯ ಮೂವರು ವಾಂಪನೋಗರಿಗೆ ಮರಣದಂಡನೆ ಕೊಟ್ಟಿತು, ಅದಾದ ಮೇಲೆ ಕಿಡಿ ಹತ್ತಿತು. ಲ್ಯಾಂಕಾಸ್ಟರ್ ಮೇಲೆ ದಾಳಿಯಾದ ದಿನ ಅಲ್ಲಿನ ಪಾದ್ರಿ ಜೋಸೆಫ್ ರೋಲ್ಯಾಂಡ್‌ಸನ್ ಊರಿಗೆ ಸೈನಿಕರ ರಕ್ಷಣೆ ಕೇಳಲು ಬಾಸ್ಟನ್‌ಗೆ ಹೋಗಿದ್ದ. ಮನೆಯಲ್ಲಿ ಅವನ ಹೆಂಡತಿ ಮೇರಿ ಇದ್ದಳು. ಒಂದು ಗುಂಡು ಅವಳ ಪಕ್ಕೆಯನ್ನು ಸೀಳಿ, ತೋಳಲ್ಲಿದ್ದ ಆರು ವರ್ಷದ ಮಗಳು ಸಾರಾಳಿಗೂ ತಾಗಿತು. ಒಂಬತ್ತನೆಯ ದಿನ, ಕಾಡಿನ ಬಿಡಾರದಲ್ಲಿ, ಮಗು ತೀರಿಕೊಂಡಿತು. ಉಳಿದ ಇಬ್ಬರು ಮಕ್ಕಳು ಬೇರೆ ಗುಂಪುಗಳ ಪಾಲಾಗಿದ್ದರು.

ಮೇರಿ ಸೆರೆಯಲ್ಲಿದ್ದದ್ದು ಹನ್ನೊಂದು ವಾರ ಮತ್ತು ಕೆಲವು ದಿನ. ಮೇ ತಿಂಗಳಲ್ಲಿ 20 ಪೌಂಡ್ ಒತ್ತೆಹಣ ಕೊಟ್ಟು ಅವಳನ್ನು ಬಿಡಿಸಿಕೊಂಡರು. 1682ರಲ್ಲಿ ಅವಳ ಪುಸ್ತಕ ಬಾಸ್ಟನ್, ಕೇಂಬ್ರಿಜ್, ಲಂಡನ್ ಮೂರೂ ಕಡೆ ಅಚ್ಚಾಯಿತು. ಸೆರೆಕಥನ ಎಂಬ ಪ್ರಕಾರಕ್ಕೆ ಆ ನೆಲದಲ್ಲಿ ಅಚ್ಚು ಹಾಕಿಕೊಟ್ಟದ್ದು ಈ ಪುಸ್ತಕ.

ಅದರ ಕಟ್ಟಡವನ್ನು ಸ್ವಲ್ಪ ಬಿಚ್ಚಿ ನೋಡೋಣ. ಅಧ್ಯಾಯಗಳು ಇಪ್ಪತ್ತು. ಒಂದೊಂದೂ ಒಂದು ಸ್ಥಳಾಂತರ, ಅಂದರೆ ಒಂದು ಬಿಡಾರ ಕಿತ್ತು ಮುಂದಿನ ಬಿಡಾರಕ್ಕೆ ನಡೆದದ್ದು. ದಿನಾಂಕಕ್ಕಿಂತ ದೂರ ಮುಖ್ಯ. ಮನೆಯಿಂದ ಎಷ್ಟು ಹೆಜ್ಜೆ ಆಚೆ ಬಂದೆ ಎಂಬುದೇ ಕಥೆಯ ಅಳತೆ. ಇಂದಿನ ಚಿತ್ರಕಥೆಗಾರರು ಬೆನ್ನಟ್ಟುವ ಕಥೆಯನ್ನು ಊರೂರು ದಾಟಿಸುತ್ತಾ ಕಟ್ಟುವುದೂ ಇದೇ ಲೆಕ್ಕದಲ್ಲಿ. ದಾಳಿ, ಸಾವು, ನಡಿಗೆ, ಹಸಿವು, ವ್ಯಾಪಾರ, ಹೊಂದಾಣಿಕೆ, ಬಿಡುಗಡೆ, ಮರಳುವಿಕೆ. ಈ ಸಾಲಿನಲ್ಲಿ ವ್ಯಾಪಾರ ಮತ್ತು ಹೊಂದಾಣಿಕೆ ಎಂಬೆರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಸಿನಿಮಾಕ್ಕೆ ಬಂದಾಗ ಕಾಣೆಯಾಗುವುದು ಅವೆರಡೇ.

ಮೇರಿ ಸೂಜಿ ಹಿಡಿದು ಬದುಕಿದವಳು. ಮೆಟಾಕಾಮ್‌ನ ಮಗನಿಗೆ ಅಂಗಿ ಹೊಲಿದುಕೊಟ್ಟಳು, ಅದಕ್ಕೆ ಒಂದು ಶಿಲಿಂಗ್ ಸಿಕ್ಕಿತು. ಆ ಶಿಲಿಂಗ್‌ನಿಂದ ಕುದುರೆ ಮಾಂಸ ಕೊಂಡಳು. ಆ ಹುಡುಗನಿಗೇ ಟೋಪಿ ಮಾಡಿಕೊಟ್ಟಾಗ ಮೆಟಾಕಾಮ್ ಊಟಕ್ಕೆ ಕರೆದ. ಹುರಿದು ಕುಟ್ಟಿದ ಗೋಧಿಯ ಹಿಟ್ಟನ್ನು ಕರಡಿಯ ಕೊಬ್ಬಿನಲ್ಲಿ ಕರಿದ ಎರಡು ಬೆರಳಗಲದ ದೋಸೆಯಂಥದ್ದು. ಜೀವನದಲ್ಲಿ ಅಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ ಎನ್ನುತ್ತಾಳೆ. ಅವಳ ಯಜಮಾನಿ ವೀಟಮೂ ಸ್ವತಃ ನಾಯಕಿ. ಆಕೆ ಕೂದಲಿಗೆ ಪುಡಿ ಹಚ್ಚಿ, ಮುಖಕ್ಕೆ ಬಣ್ಣ ಬಳಿದು, ಹಾರ ಹಾಕಿಕೊಂಡು ಸಿಂಗರಿಸಿಕೊಳ್ಳುವುದನ್ನು ಮೇರಿ ಸಿಡುಕಿನಿಂದ ಬರೆಯುತ್ತಾಳೆ. ಆದರೆ ಅಷ್ಟು ವಿವರವಾಗಿ ಬರೆಯಬೇಕಾದರೆ ಎಷ್ಟು ಗಮನಿಸಿ ನೋಡಿರಬೇಕು, ಯೋಚಿಸಿ.

ಹದಿನೆಂಟನೆಯ ಸ್ಥಳಾಂತರದಲ್ಲಿ ಒಂದು ಭಾಗವಿದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಅದೇ. ಸೆರೆಯಲ್ಲಿದ್ದ ಒಂದು ಇಂಗ್ಲಿಷ್ ಮಗು ಬೇಯಿಸಿದ ಕುದುರೆಗಾಲಿನ ತುಂಡನ್ನು ಜಗಿಯಲಾರದೆ ಚೀಪುತ್ತಾ ಕೂತಿದೆ. ಮೇರಿ ಅದನ್ನು ಕಿತ್ತುಕೊಂಡು ತಾನೇ ತಿನ್ನುತ್ತಾಳೆ. ರುಚಿಯಾಗಿತ್ತು ಎಂದೂ ಬರೆಯುತ್ತಾಳೆ. ತನ್ನ ಮಗುವನ್ನು ಕಳೆದುಕೊಂಡ ತಾಯಿ, ಪಾದ್ರಿಯ ಹೆಂಡತಿ, ಇನ್ನೊಂದು ಮಗುವಿನ ಬಾಯಿಂದ ಕಸಿದ ತುತ್ತನ್ನು ಮುಚ್ಚಿಡದೆ ಅಚ್ಚುಹಾಕಿಸುತ್ತಾಳೆ. ಸೆರೆಯೊಳಗಿನಿಂದ ಬರೆದರೆ ಮಾತ್ರ ಈ ಸಾಲು ಹುಟ್ಟುತ್ತದೆ. ಹೊರಗಿನಿಂದ ಬಿಡಿಸಲು ಬರುವವನಿಗೆ ಇದು ಕಾಣುವುದೇ ಇಲ್ಲ.

ಹಾಗೆಂದು ಮಾತು ಪೂರ್ತಿ ಅವಳದಾಗಿತ್ತು ಎಂದು ತಿಳಿಯಬೇಡಿ. ಹೆಂಗಸಿನ ಪುಸ್ತಕ ಅಚ್ಚಾಗಬೇಕಾದರೆ ಗಂಡಸಿನ ಮುನ್ನುಡಿ ಬೇಕಿತ್ತು. ಇದರ ಮುನ್ನುಡಿಯಲ್ಲಿ ಹೆಸರಿಲ್ಲ. ಬಾಸ್ಟನ್‌ನ ಪ್ರಭಾವಿ ಪಾದ್ರಿ ಇನ್‌ಕ್ರೀಸ್ ಮೇದರ್ ಬರೆದದ್ದು ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಪುಸ್ತಕದ ಕೊನೆಗೆ ಅವಳ ಗಂಡನ ಕಡೆಯ ಉಪದೇಶವನ್ನೂ ಸೇರಿಸಿದರು. ಇನ್ನೊಂದು ಸಂಗತಿ ಇದೆ. ಮೇರಿಯ ಬಿಡುಗಡೆಯ ಮಾತುಕತೆಯಲ್ಲಿ ಮೂಲನಿವಾಸಿಗಳ ಪರ ಪತ್ರ ಬರೆದವನು ನಿಪ್‌ಮಕ್ ಎಂಬ ಮೂಲನಿವಾಸಿ ಬುಡಕಟ್ಟಿನ ಜೇಮ್ಸ್ ಪ್ರಿಂಟರ್. ಅವನು ಕೇಂಬ್ರಿಜ್ ಮುದ್ರಣಾಲಯದ ಕೆಲಸಗಾರ. ಯುದ್ಧ ಮುಗಿದ ಮೇಲೆ ಅಲ್ಲಿಗೇ ಮರಳಿ, ಅವಳ ಪುಸ್ತಕಕ್ಕೆ ಅಚ್ಚುಮೊಳೆ ಜೋಡಿಸಿದ. ಅವನ ಜನರನ್ನು ಪುಸ್ತಕ ಏನೆಂದು ಬೈದಿದೆಯೋ ಆ ಒಂದೊಂದು ಅಕ್ಷರವೂ ಅವನ ಬೆರಳಿನಿಂದ ಹಾದುಹೋಗಿದೆ. ಅವನ ಕಥೆಯನ್ನು ಯಾರೂ ಅಚ್ಚು ಹಾಕಲಿಲ್ಲ.

ಮುಂದಿನ ನೂರು ವರ್ಷ ಈ ಪ್ರಕಾರ ಕವಲೊಡೆಯಿತು. ಎರಡು ಕವಲುಗಳನ್ನಷ್ಟೇ ಹೇಳುತ್ತೇನೆ. 1697ರಲ್ಲಿ ಹೇವರಿಲ್ ಊರಿನ ಹ್ಯಾನಾ ಡಸ್ಟನ್ ಸೆರೆಯಾದಳು. ಅವಳ ಹಸುಗೂಸನ್ನು ಕೊಂದಿದ್ದರು. ಒಂದು ರಾತ್ರಿ ಜೊತೆಯವರೊಂದಿಗೆ ಎದ್ದು, ಮಲಗಿದ್ದ ಹತ್ತು ಜನರನ್ನು ಕೊಡಲಿಯಿಂದ ಕೊಂದಳು. ಹತ್ತರಲ್ಲಿ ಆರು ಮಕ್ಕಳು. ನೆತ್ತಿಯ ಚರ್ಮ ಸುಲಿದು ತಂದು ಬಹುಮಾನದ ಹಣ ಪಡೆದರು. ಹಿಂಸೆಗೆ ಒಳಗಾದ ಹೆಣ್ಣು ಕೊನೆಗೆ ತಾನೇ ಆಯುಧ ಎತ್ತುವ ಇಂದಿನ ಸೇಡಿನ ಸಿನಿಮಾಗಳು ಈ ಕವಲಿನ ಹತ್ತಿರದವು. ಆದರೆ ಸತ್ತವರಲ್ಲಿ ಮಕ್ಕಳಿದ್ದರು ಎಂಬುದನ್ನು ಅವು ತಮ್ಮ ಕಥೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ಕವಲು ಮರಳಿ ಬರಲೊಪ್ಪದವರದು. 1704ರಲ್ಲಿ ಡೀರ್‌ಫೀಲ್ಡ್ ಮೇಲಿನ ದಾಳಿಯಲ್ಲಿ ಪಾದ್ರಿ ಜಾನ್ ವಿಲಿಯಮ್ಸ್ ಮಕ್ಕಳೊಡನೆ ಸೆರೆಯಾದ. ಅವನು ಮರಳಿ ಬಂದು 1707ರಲ್ಲಿ ಪುಸ್ತಕ ಬರೆದ. ಏಳು ವರ್ಷದ ಮಗಳು ಯೂನಿಸ್ ಮಾತ್ರ ಮರಳಲಿಲ್ಲ. ಕೆನಡಾದ ಕಾನವಾಕೆಯಲ್ಲಿ ಮೊಹಾಕ್ ಎಂಬ ಮೂಲನಿವಾಸಿ ಜನರ ನಡುವೆ ಬೆಳೆದು, ಮದುವೆಯಾಗಿ, ಇಂಗ್ಲಿಷ್ ಮರೆತು, ಅಲ್ಲಿಯೇ ಬಾಳಿದಳು. ಅಪ್ಪನ ಕಥೆ ಪುಸ್ತಕವಾಯಿತು. ಯೂನಿಸ್ ತನ್ನ ಕಥೆಯನ್ನು ಬರೆಯಲಿಲ್ಲ.

ಈಗ ತಿರುವಿಗೆ ಬರೋಣ. 1776ರ ಜುಲೈ 14ರಂದು ಕೆಂಟಕಿಯಲ್ಲಿ ಹೆಸರಾಂತ ಗಡಿನಾಡ ಬೇಟೆಗಾರ ಡೇನಿಯಲ್ ಬೂನ್‌ನ ಮಗಳು ಜೆಮೈಮಾ ಮತ್ತು ಕ್ಯಾಲವೇ ಮನೆತನದ ಇಬ್ಬರು ಹುಡುಗಿಯರು ಸೆರೆಯಾದರು. ಬೂನ್ ಬೆನ್ನಟ್ಟಿ 16ಕ್ಕೆ ಬಿಡಿಸಿ ತಂದ. 1784ರಲ್ಲಿ ಜಾನ್ ಫಿಲ್ಸನ್ ಕೆಂಟಕಿಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿ, ಬೂನ್‌ನ ಆತ್ಮಕಥೆಯನ್ನು ಬೂನ್‌ನದೇ ಬಾಯಲ್ಲಿ ಹೇಳಿಸಿದ. ಈ ಇಡೀ ಘಟನೆಗೆ ಅಲ್ಲಿ ಸಿಕ್ಕಿರುವುದು ಎರಡೇ ವಾಕ್ಯ. ಹುಡುಗಿಯರನ್ನು ಹಿಡಿದರು, ನಾನು ಎಂಟು ಜನರೊಂದಿಗೆ ಬೆನ್ನಟ್ಟಿ, ಇಬ್ಬರನ್ನು ಕೊಂದು, ಹುಡುಗಿಯರನ್ನು ಮರಳಿ ಪಡೆದೆ. ಅಷ್ಟೇ! ಮೇರಿಗೆ ಇಪ್ಪತ್ತು ಅಧ್ಯಾಯ ಬೇಕಾಗಿದ್ದ ಅನುಭವ ಇಲ್ಲಿ ಅಪ್ಪನ ಎರಡು ವಾಕ್ಯಗಳಲ್ಲಿ ಮುಗಿದುಹೋಯಿತು. ಆ ಮೂರು ದಿನ ಹುಡುಗಿಯರು ಏನು ತಿಂದರು, ಏನು ಮಾತಾಡಿದರು? ಪುಸ್ತಕ ಕೇಳುವುದೇ ಇಲ್ಲ. ಕಥೆ ಕೈ ಬದಲಾಯಿಸಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಜೇಮ್ಸ್ ಫೆನಿಮೋರ್ ಕೂಪರ್ ಈ ಘಟನೆಯನ್ನೇ ಬಳಸಿಕೊಂಡು 1826ರ ತನ್ನ ಕಾದಂಬರಿ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಕಟ್ಟಿದ. ಕಥೆಯ ಕಾಲ 1757. ಸೇನಾಧಿಕಾರಿ ಮನ್ರೋನ ಮಕ್ಕಳಾದ ಕೋರಾ ಮತ್ತು ಆಲಿಸ್ ಒಂದಲ್ಲ, ಎರಡು ಸಲ ಸೆರೆಯಾಗುತ್ತಾರೆ. ಬೇಟೆಗಾರ ನ್ಯಾಟಿ ಬಂಪೋ, ಅವನ ಮೊಹಿಕನ್ ಗೆಳೆಯ ಚಿಂಗಚ್‌ಗುಕ್, ಅವನ ಮಗ ಅಂಕಸ್ ಬೆನ್ನಟ್ಟುತ್ತಾರೆ. ಓದುಗ ಇಲ್ಲಿ ಬಹುಪಾಲು ನಡೆಯುವುದು ಬೆನ್ನಟ್ಟುವವರ ಜೊತೆ. ಮುರಿದ ಕಡ್ಡಿ, ಹೆಜ್ಜೆಗುರುತು, ಉದುರಿದ ಬಟ್ಟೆಯ ತುಂಡು. ಸೆರೆಯಾದ ಹೆಣ್ಣು ಈಗ ಮಾತಾಡುವವಳಲ್ಲ, ಕುರುಹು ಬಿಟ್ಟು ಹೋಗುವವಳು. ಕೂಪರನ ಕಡ್ಡಿ ಮುರಿಯುವ ಚಟವನ್ನು ಮಾರ್ಕ್ ಟ್ವೇನ್ 1895ರ ಲೇಖನದಲ್ಲಿ ಹಿಗ್ಗಾಮುಗ್ಗಾ ಗೇಲಿ ಮಾಡಿದ. ಗೇಲಿ ನ್ಯಾಯವೇ ಆಗಿದ್ದರೂ ಕೂಪರನ ಉಪಾಯ ಸಿನಿಮಾಕ್ಕೆ ಹೇಳಿಮಾಡಿಸಿದಂತಿತ್ತು. ಕುರುಹನ್ನು ಹತ್ತಿರದಿಂದ ತೋರಿಸಿ, ಆ ದೃಶ್ಯವನ್ನು ಕತ್ತರಿಸಿ, ಅದನ್ನು ಓದುವ ನಾಯಕನ ಮುಖವನ್ನು ತೋರಿಸುವುದು ಇಂದಿಗೂ ಪತ್ತೇದಾರಿ ಸಿನಿಮಾದ ದಿನಬಳಕೆಯ ಕಸುಬು.

ಮೈಕಲ್ ಮ್ಯಾನ್ 1992ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಏನೇನು ಬದಲಾಯಿತು ನೋಡಿ. ಕಾದಂಬರಿಯಲ್ಲಿ ಕೋರಾ ಸಾಯುತ್ತಾಳೆ, ಆಲಿಸ್ ಉಳಿಯುತ್ತಾಳೆ, ನ್ಯಾಟಿ ಬ್ರಹ್ಮಚಾರಿ. ಸಿನಿಮಾದಲ್ಲಿ ಆಲಿಸ್ ಬಂಡೆಯಿಂದ ಹಾರುತ್ತಾಳೆ. ಕೋರಾ ಉಳಿದು ನಾಯಕನನ್ನು ಸೇರುತ್ತಾಳೆ. ಕಾದಂಬರಿಯ ಕೋರಾಳ ತಾಯಿಯ ಕಡೆ ವೆಸ್ಟ್ ಇಂಡೀಸಿನ ಕರಿಯರ ರಕ್ತವಿದೆ, ಅವಳ ಸಾವಿಗೂ ಅದಕ್ಕೂ ನಂಟಿದೆ; ಸಿನಿಮಾ ಆ ಎಳೆಯನ್ನೇ ಕಿತ್ತುಹಾಕಿದೆ. ಕೂಪರ್‌ನ ಪುಸ್ತಕ ಬಂದ ನಾಲ್ಕು ವರ್ಷಕ್ಕೆ, 1830ರಲ್ಲಿ, ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆ ಅಟ್ಟುವ ಕಾನೂನು ಬಂತು. ಒಂದು ಜನ ತಾನಾಗಿಯೇ ಅಳಿದುಹೋಗುತ್ತಿದೆ ಎಂದು ಕಣ್ಣೀರಿಡುವ ಕಾದಂಬರಿ ಆ ಹೊತ್ತಿಗೆ ಎಷ್ಟು ಅನುಕೂಲವಾಗಿತ್ತು ಎಂದು ಹೇಳಬೇಕಿಲ್ಲ. ಅಂದಹಾಗೆ ಮೊಹಿಕನ್ನರು ಅಳಿದಿಲ್ಲ. ಅವರ ವಂಶದವರ ಸ್ಟಾಕ್‌ಬ್ರಿಜ್-ಮನ್ಸಿ ಸಮುದಾಯ ವಿಸ್ಕಾನ್ಸಿನ್‌ನಲ್ಲಿದೆ.

1956ರಲ್ಲಿ ಜಾನ್ ಫೋರ್ಡ್‌ನ ‘ದಿ ಸರ್ಚರ್ಸ್’ ಬಂತು. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯ ಸಿನಿಮಾ ಇಲ್ಲ. ಟೆಕ್ಸಸ್‌ನಲ್ಲಿ ಕಮಾಂಚಿ ಎಂಬ ಮೂಲನಿವಾಸಿಗಳು ಡೆಬಿ ಎಂಬ ಹುಡುಗಿಯನ್ನು ಒಯ್ಯುತ್ತಾರೆ. ಅವಳ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದ ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ಆ ಪಾತ್ರ ಜಾನ್ ವೇಯ್ನ್‌ನದು. ಇದರ ಹಿಂದೆ ನಿಜವಾದ ಸೆರೆಯೊಂದಿದೆ. 1836ರಲ್ಲಿ ಸಿಂಥಿಯಾ ಆನ್ ಪಾರ್ಕರ್ ಎಂಬ ಹುಡುಗಿಯನ್ನು ಕಮಾಂಚಿಗಳು ಒಯ್ದರು, ಅವಳ ಚಿಕ್ಕಪ್ಪ ಜೇಮ್ಸ್ ಪಾರ್ಕರ್ ವರ್ಷಗಟ್ಟಲೆ ಹುಡುಕಿದ. 1860ರಲ್ಲಿ ಟೆಕ್ಸಸ್ ರೇಂಜರ್‌ಗಳು ಅವಳನ್ನು ‘ಬಿಡಿಸಿದಾಗ’ ಅವಳು ಮೂರು ಮಕ್ಕಳ ತಾಯಿ, ಕಮಾಂಚಿ ಹೆಂಗಸು. ತಪ್ಪಿಸಿಕೊಂಡು ಗಂಡನ ಜನರ ಬಳಿಗೆ ಹೋಗಲು ಯತ್ನಿಸಿದಳು. ಅವಳ ಪಾಲಿಗೆ ಎರಡನೆಯ ಸೆರೆ ಶುರುವಾಗಿದ್ದು ಆಗ. ಮಗ ಕ್ವಾನಾ ಪಾರ್ಕರ್ ಮುಂದೆ ಕಮಾಂಚಿಗಳ ಹೆಸರಾಂತ ನಾಯಕನಾದ.

ಸಿನಿಮಾ ಈಥನ್‌ನ ದ್ವೇಷವನ್ನು ಮುಚ್ಚಿಡುವುದಿಲ್ಲ, ಅದು ಫೋರ್ಡ್‌ನ ದೊಡ್ಡತನ. ಅವನು ಹುಡುಕುತ್ತಿರುವುದು ಡೆಬಿಯನ್ನು ಕರೆತರುವುದಕ್ಕಲ್ಲ, ಕೊಲ್ಲುವುದಕ್ಕೆ ಎಂಬುದು ನಡುವೆ ಸ್ಪಷ್ಟವಾಗುತ್ತದೆ. ಕಮಾಂಚಿಯ ಹೆಂಡತಿಯಾದವಳು ಬದುಕಬಾರದು ಎಂದು ಅವನ ಮತ. ಇಲ್ಲಿ ನಿಮಗೆ ಸೀತೆಯ ಅಗ್ನಿಪರೀಕ್ಷೆ ನೆನಪಾಗುವುದು ಸಹಜ. ಹೋಲಿಕೆ ನಿಜ, ಆದರೆ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಒಂದು ವ್ಯತ್ಯಾಸವನ್ನೂ ಗಮನಿಸಿ. ವಾಲ್ಮೀಕಿ ಅಶೋಕವನಕ್ಕೆ ಹೋಗುತ್ತಾನೆ, ಸೀತೆಯ ಎದುರು ಕೂರುತ್ತಾನೆ, ಅವಳ ಮಾತು ಕೇಳಿಸುತ್ತಾನೆ. ಫೋರ್ಡ್‌ನ ಕ್ಯಾಮೆರಾ ಡೆಬಿಯ ಬಿಡಾರಕ್ಕೆ ಅವಳಿಗಾಗಿ ಒಮ್ಮೆಯೂ ಹೋಗುವುದಿಲ್ಲ. ಬೆಳೆದ ಡೆಬಿ ತೆರೆಗೆ ಬರುವುದು ಅರ್ಧ ದಾಟಿ ಬಹಳ ಹೊತ್ತಾದ ಮೇಲೆ. ಇವರೇ ನನ್ನ ಜನ, ನೀವು ಹೋಗಿ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ, ಬಿಡಿಸಲು ಬಂದ ಈಥನ್‌ನ ಜೊತೆಗಾರ ಮಾರ್ಟಿನ್ ಜೊತೆ ಹೊರಡಲು ಒಪ್ಪುತ್ತಾಳೆ. ಈ ಎರಡು ಮಾತಿನ ನಡುವೆ ಅವಳ ಮನಸ್ಸಿನಲ್ಲಿ ಏನಾಯಿತು? ಚಿತ್ರಕಥೆಯಲ್ಲಿ ಅಲ್ಲೊಂದು ಹಳ್ಳವಿದೆ, ಅದನ್ನು ಯಾರೂ ತುಂಬಲಿಲ್ಲ. ಈಥನ್ ಕೊನೆಗೆ ಅವಳನ್ನು ಕೊಲ್ಲದೆ ಮನೆಗೆ ತರುತ್ತಾನೆ. ಕೊನೆಯ ಪ್ರಸಿದ್ಧ ದೃಶ್ಯದಲ್ಲಿ ಎಲ್ಲರೂ ಬಾಗಿಲು ದಾಟಿ ಒಳಗೆ ಹೋಗುತ್ತಾರೆ, ಈಥನ್ ಹೊರಗುಳಿಯುತ್ತಾನೆ. ನಾವು ಅವನಿಗಾಗಿ ಮರುಗುತ್ತೇವೆ. ಒಳಗೆ ಹೋದ ಡೆಬಿ ಆ ರಾತ್ರಿ ನಿದ್ದೆ ಮಾಡಿದಳೇ ಎಂದು ಕೇಳಲು ನಮಗೆ ಹೊಳೆಯುವುದಿಲ್ಲ. ಮೇರಿ ರೋಲ್ಯಾಂಡ್‌ಸನ್ ಅದನ್ನು ಬರೆದಿದ್ದಳು. ಎಲ್ಲರೂ ಮಲಗಿರುವಾಗ ತನ್ನ ಕಣ್ಣು ಮಾತ್ರ ಅಳುತ್ತಿರುತ್ತದೆ ಎಂದು.

1976ರ ‘ಟ್ಯಾಕ್ಸಿ ಡ್ರೈವರ್’ ಚಿತ್ರಕಥೆಯನ್ನು ಪಾಲ್ ಶ್ರೇಡರ್ ಬರೆದದ್ದು ‘ದಿ ಸರ್ಚರ್ಸ್’ ಅನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕಾಡಿನ ಬದಲು ನ್ಯೂಯಾರ್ಕ್, ಡೆಬಿಯ ಬದಲು ಐರಿಸ್ ಎಂಬ ಎಳೆಯ ವೇಶ್ಯೆ. ಒಮ್ಮೆ ಅವಳು ನಾಯಕನ ಟ್ಯಾಕ್ಸಿ ಹತ್ತಿ ಇಲ್ಲಿಂದ ಹೊರಡು ಎಂದಿದ್ದಳು; ಆಮೇಲೆ ಅವನು ಬಿಡಿಸಲು ಬಂದಾಗ ಅದು ನಶೆಯಲ್ಲಿ ಆಡಿದ ಮಾತು ಎಂದಳು. ರಕ್ತಪಾತವಾದ ಮೇಲೆ ಒಂದು ಪತ್ರ ಕೇಳಿಸುತ್ತದೆ, ನಾಯಕನಿಗೆ ಧನ್ಯವಾದ ಹೇಳುವ ಪತ್ರ. ಓದುವ ದನಿ ಐರಿಸ್‌ಳದಲ್ಲ, ಅವಳ ಅಪ್ಪನದು. ಫಿಲ್ಸನ್‌ನ ಎರಡು ವಾಕ್ಯ ನೆನಪಿಸಿಕೊಳ್ಳಿ.

ಅಪಹರಣವಾದ ಮಗಳನ್ನು ಅಪ್ಪ ಹುಡುಕಿ ಹೋಗುವ 2008ರ ‘ಟೇಕನ್’ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತಯಾರಿಸಿದ್ದು ಫ್ರಾನ್ಸ್‌ನವರು, ನಾಯಕ ಮಾತ್ರ ಅಮೆರಿಕನ್. ಅಂದರೆ ಈ ಕಥಾಚೌಕಟ್ಟು ಆ ಹೊತ್ತಿಗೆ ದೇಶ ಬಿಟ್ಟು ಹೊರಟಾಗಿತ್ತು. 1992ರ ಮೊಹಿಕನ್ ಸಿನಿಮಾದಲ್ಲಿ ಜಲಪಾತದ ಹಿಂದೆ ನಿಂತ ನಾಯಕ ಕೋರಾಳಿಗೆ ಹೇಳುತ್ತಾನೆ, ಬದುಕಿರು, ಹುಡುಕಿ ಬರುತ್ತೇನೆ ಎಂದು. ‘ಟೇಕನ್’ನಲ್ಲೂ ನಾಯಕ ಹುಡುಕಿ ಬರುತ್ತೇನೆ ಎನ್ನುತ್ತಾನೆ, ಫೋನಿನಲ್ಲಿ, ಅಪಹರಿಸಿದವನಿಗೆ. ಕೊಲ್ಲುತ್ತೇನೆ ಎಂದೂ ಸೇರಿಸುತ್ತಾನೆ. ಒಂದೇ ಮಾತು ಸೆರೆಯಾದವಳಿಂದ ಸೆರೆಹಿಡಿದವನ ಕಡೆಗೆ ತಿರುಗಿಬಿಟ್ಟಿತು. ಅಲ್ಲಿಂದ ಮುಂದೆ ಕಥೆ ಇಬ್ಬರು ಗಂಡಸರ ನಡುವಿನದು.

ಹಾಗಾದರೆ ಒಳಗಿನ ದನಿ ಪೂರ್ತಿ ಸತ್ತುಹೋಯಿತೇ? ಇಲ್ಲ. ಅದು ಬೇರೆ ದಾರಿಯಲ್ಲಿ ಹರಿಯಿತು, ಮತ್ತು ನನ್ನ ಪ್ರಕಾರ ಹೆಚ್ಚು ಗಟ್ಟಿಯಾಗಿ ಹರಿಯಿತು. 1789ರ ಒಲಾಡ ಇಕ್ವಿಯಾನೋ, 1845ರ ಫ್ರೆಡರಿಕ್ ಡಗ್ಲಸ್, 1853ರ ಸಾಲಮನ್ ನಾರ್ಥಪ್. ಗುಲಾಮರಾಗಿದ್ದವರ ಈ ಆತ್ಮಕಥೆಗಳು ಸೆರೆಕಥನದ ಚೌಕಟ್ಟನ್ನು ತೆಗೆದುಕೊಂಡು ತಲೆಕೆಳಗು ಮಾಡಿದವು. ಇಲ್ಲಿ ಸೆರೆಹಿಡಿದವನೇ ಕ್ರೈಸ್ತ, ಬೈಬಲ್ ಅವನ ಕೈಯಲ್ಲೇ ಇದೆ. ಮುನ್ನುಡಿಯ ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಡಗ್ಲಸ್‌ನ ಪುಸ್ತಕಕ್ಕೆ ವಿಲಿಯಂ ಲಾಯ್ಡ್ ಗ್ಯಾರಿಸನ್ ಎಂಬ ಬಿಳಿಯ ಮುನ್ನುಡಿ ಬರೆದ. ನಾರ್ಥಪ್‌ನ ಕಥೆಯನ್ನು ಡೇವಿಡ್ ವಿಲ್ಸನ್ ಎಂಬ ವಕೀಲ ಕೇಳಿ ಬರೆದುಕೊಂಡ. 

ನಾರ್ಥಪ್‌ನ ಪುಸ್ತಕದಿಂದ ಮಾಡಿದ 2013ರ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಅನ್ನು ‘ಟೇಕನ್’ ಪಕ್ಕದಲ್ಲಿಟ್ಟು ನೋಡಿ. ಬಿಡಿಸಲು ಬರುವವನಿಗೆ ಇಲ್ಲಿ ಸಿಗುವುದು ಕೊನೆಯ ಕೆಲವು ನಿಮಿಷ. ನಾರ್ಥಪ್‌ನನ್ನು ಮರಕ್ಕೆ ನೇತುಹಾಕಿ ಬಿಟ್ಟ ದೃಶ್ಯದಲ್ಲಿ ಅವನ ಕಾಲ್ಬೆರಳು ಕೆಸರಿಗೆ ತಾಗಿಯೂ ತಾಗದಂತೆ ಜಾರುತ್ತದೆ, ಹಿಂದೆ ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ, ನಿರ್ದೇಶಕ ಸ್ಟೀವ್ ಮೆಕ್ವೀನ್ ದೃಶ್ಯವನ್ನು ಬೇಗ ಕತ್ತರಿಸುವುದಿಲ್ಲ. ಸೆರೆಯೊಳಗಿನ ಹೊತ್ತು ಎಷ್ಟು ಉದ್ದ ಎಂಬುದನ್ನು ಮೇರಿ ಅಧ್ಯಾಯಗಳಲ್ಲಿ ಅಳೆದಳು, ಇವನು ಒಂದು ದೀರ್ಘ ದೃಶ್ಯದಲ್ಲಿ ಅಳೆದ. ತಾಯಿ, ಮಗ ಒಂದೇ ಕೋಣೆಯಲ್ಲಿ ಸೆರೆಯಾಗಿರುವ 2015ರ ‘ರೂಮ್’ ಇನ್ನೊಂದು ಕೆಲಸ ಮಾಡಿತು. ಬಿಡುಗಡೆಯನ್ನು ಸಿನಿಮಾದ ನಡುವಿಗೇ ತಂದು, ಉಳಿದರ್ಧವನ್ನು ಮರಳಿ ಬಂದ ಮೇಲಿನ ಕಷ್ಟಕ್ಕೆ ಕೊಟ್ಟಿತು.

ನೀವೇ ಸಿನಿಮಾ ನೋಡುವಾಗ ಇದನ್ನು ಪರೀಕ್ಷಿಸಬಹುದು. ಗಡಿಯಾರ ಇಟ್ಟುಕೊಳ್ಳಿ. ಅಪಹರಣವಾದ ನಿಮಿಷ ಬರೆದುಕೊಳ್ಳಿ. ಆಮೇಲೆ ಬಿಡಿಸುವವನು ಇಲ್ಲದಿರುವಾಗ, ಸೆರೆಯಲ್ಲಿರುವವರು ಮೊದಲ ಬಾರಿ ಪೂರ್ತಿ ವಾಕ್ಯ ಆಡಿದ ನಿಮಿಷ ಬರೆದುಕೊಳ್ಳಿ. ನಡುವಿನ ಅಂತರವೇ ನಿಮ್ಮ ಅಳತೆ. ಬಿಡುಗಡೆಯಾದ ಮೇಲೆ ಸಿನಿಮಾ ಇನ್ನೆಷ್ಟು ಹೊತ್ತು ಇರುತ್ತದೆ ಎಂಬುದನ್ನೂ ಗುರುತಿಸಿ. ತಪ್ಪಾಗುವುದು ಎರಡು ಕಡೆ. ಮುಖ ತೆರೆಯ ಮೇಲಿದ್ದರೆ ದೃಷ್ಟಿಕೋನವೂ ಅವರದೇ ಎಂದುಕೊಳ್ಳುವುದು ಒಂದು. ಕಟ್ಟಿಹಾಕಿದ ಹುಡುಗಿಯ ಅಳುವ ಮುಖ ಹತ್ತು ಸಲ ಬಂದರೂ ನಾವು ನೋಡುತ್ತಿರುವುದು ಅವಳನ್ನು, ಅವಳು ನೋಡಿದ್ದನ್ನಲ್ಲ. ಇನ್ನೊಂದು, ಹೋಲಿಕೆ ಕಂಡಲ್ಲೆಲ್ಲ ಪ್ರಭಾವ ಎಂದು ಬರೆದುಬಿಡುವುದು. ಕೂಪರ್‌ನಿಂದ ಮ್ಯಾನ್‌ಗೆ ಬಂದದ್ದು ನೇರ ರೂಪಾಂತರ. ಫೋರ್ಡ್‌ನಿಂದ ಶ್ರೇಡರ್‌ಗೆ ಬಂದದ್ದು ಬಲ್ಲವರೆಲ್ಲ ಒಪ್ಪಿದ ಋಣ. ಡಸ್ಟನ್‌ಗೂ ಇಂದಿನ ಸೇಡಿನ ಸಿನಿಮಾಕ್ಕೂ ಇರುವುದು ರೂಪದ ಹೋಲಿಕೆ ಮಾತ್ರ. ಪ್ರಬಂಧ ಬರೆಯುವಾಗ ಈ ಮೂರನ್ನು ಒಂದೇ ಕ್ರಿಯಾಪದದಲ್ಲಿ ಹೇಳಬೇಡಿ.

ಈ ಅಳತೆಗೆ ಇತ್ತೀಚಿನ ಒಳ್ಳೆಯ ಉದಾಹರಣೆ 2023ರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’. ‘ಟ್ಯಾಕ್ಸಿ ಡ್ರೈವರ್’ ಮಾಡಿದ ಮಾರ್ಟಿನ್ ಸ್ಕಾರ್ಸೇಸೀಯದೇ ಸಿನಿಮಾ. 1920ರ ದಶಕದ ಒಕ್ಲಹೋಮಾದಲ್ಲಿ ನೆಲದಡಿಯ ಕಚ್ಚಾತೈಲದ ಹಣಕ್ಕಾಗಿ ಓಸೇಜ್ ಜನರನ್ನು ಒಬ್ಬೊಬ್ಬರನ್ನಾಗಿ ಕೊಂದ ಪ್ರಕರಣ. ಮಾಲಿ ಎಂಬ ಓಸೇಜ್ ಹೆಂಗಸಿಗೆ ಬಿಳಿಯ ಗಂಡನೇ ಇನ್ಸುಲಿನ್ ಜೊತೆ ವಿಷ ಕೊಡುತ್ತಾ ಹೋಗುತ್ತಾನೆ. ಇದು ಸ್ವಂತ ಮನೆಯಲ್ಲೇ ಸೆರೆ, ಮತ್ತು ಈ ಸಲ ಸೆರೆಯಲ್ಲಿರುವವಳು ಮೂಲನಿವಾಸಿ. ಮೊದಲು ಬರೆದ ಚಿತ್ರಕಥೆಯ ನಡುವೆ ಇದ್ದವನು ಪ್ರಕರಣ ಭೇದಿಸಲು ಬಂದ ಅಧಿಕಾರಿ ಟಾಮ್ ವೈಟ್. ಆ ಪಾತ್ರವನ್ನು ಮಾಡಬೇಕಿದ್ದವನು ಲಿಯೊನಾರ್ಡೊ ಡಿಕ್ಯಾಪ್ರಿಯೋ. ಆಮೇಲೆ ಇಡೀ ಕಥೆಯನ್ನು ತಿರುಗಿಸಿ ಬರೆದರು. ಡಿಕ್ಯಾಪ್ರಿಯೋ ಗಂಡನ ಪಾತ್ರಕ್ಕೆ ಬಂದ. ಸಿನಿಮಾದಲ್ಲಿ ವೈಟ್ ಬಾಗಿಲು ತಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಥೆ ಮುಗಿದಿರುತ್ತದೆ. ಅದಕ್ಕೂ ಮೊದಲು ಮಾಲಿ ತಾನೇ ವಾಷಿಂಗ್ಟನ್‌ಗೆ ಹೋಗಿ ನೆರವು ಕೇಳಿರುತ್ತಾಳೆ.

ಅಲ್ಲಿಗೆ ಬೆನ್ನಟ್ಟುವ ನಾಯಕನನ್ನು ಬದಿಗೆ ಸರಿಸಿದ್ದಾಯಿತು. ಆದರೆ ತೆರವಾದ ಜಾಗ ಮಾಲಿಗೆ ಪೂರ್ತಿ ಸಿಕ್ಕಿಲ್ಲ, ಬಹುಪಾಲು ಗಂಡನಿಗೆ ಹೋಗಿದೆ. ಓಸೇಜ್ ಸಮುದಾಯದ ಒಳಗಿನಿಂದಲೂ ಈ ಆಕ್ಷೇಪ ಬಂತು. ಕೊನೆಯಲ್ಲಿ ಸ್ಕಾರ್ಸೇಸೀ ತಾನೇ ವೇದಿಕೆಗೆ ಬಂದು ಮಾಲಿಯ ಮರಣವಾರ್ತೆ ಓದುತ್ತಾನೆ, ಅದರಲ್ಲಿ ಕೊಲೆಗಳ ಪ್ರಸ್ತಾಪವೇ ಇರಲಿಲ್ಲ ಎನ್ನುತ್ತಾನೆ. 1976ರಲ್ಲಿ ಐರಿಸ್‌ಳ ಅಪ್ಪನ ಪತ್ರ, 2023ರಲ್ಲಿ ನಿರ್ದೇಶಕನ ದನಿ. ಅವನು ತನ್ನ ಮಿತಿಯನ್ನು ತೆರೆಯ ಮೇಲೆಯೇ ತೋರಿಸಿಕೊಂಡದ್ದನ್ನು ನಾನು ಗೌರವಿಸುತ್ತೇನೆ. ಆದರೂ 206 ನಿಮಿಷದ ಸಿನಿಮಾದಲ್ಲಿ, ವಿಷವೇರಿ ಮಲಗಿದ ಆ ದಿನಗಳಲ್ಲಿ ಮಾಲಿಗೆ ಗಂಡನ ಮೇಲೆ ಸಂಶಯ ಯಾವಾಗ ಹುಟ್ಟಿತು, ಹುಟ್ಟಿದ ಮೇಲೂ ಸೂಜಿಗೆ ತೋಳು ಯಾಕೆ ಚಾಚಿದಳು ಎಂಬುದನ್ನು ಅವಳ ಬಾಯಿಂದ ಕೇಳಲು ಇನ್ನೊಂದು ಹತ್ತು ನಿಮಿಷ ಸಿಗಬೇಕಿತ್ತು.